ಇನ್ನೊಬ್ಬನ ಹೆಸರಿನಲ್ಲಿ ಬಂದ ಶವಪೆಟ್ಟಿಗೆ

೧೯೯೨ರಲ್ಲಿ ನಾನು ಕೊಲ್ಲಿಯ ಒಂದು ನಗರದಲ್ಲಿ ಸರ್ವೆ ಎಂಜಿನಿಯರ್ ಆಗಿದ್ದೆ. ಆ ನಗರದ ಹೆಸರನ್ನಾಗಲಿ, ನನಗೆ ಸಂಬಳ ಕೊಡುತ್ತಿದ್ದ ಕಂಪನಿಯ ಹೆಸರನ್ನಾಗಲಿ ಇಲ್ಲಿ ಬರೆಯುವುದಿಲ್ಲ. ಚಿಕ್ಕಬಳ್ಳಾಪುರದಲ್ಲಿ ಹುಟ್ಟಿ, ಸಿವಿಲ್ ಡಿಪ್ಲೊಮಾ ಮುಗಿಸಿ, ಕೆಲವು ವರ್ಷ ಚಿಂತಾಮಣಿ ಕಡೆಯ ಮೋರಿ, ಸಣ್ಣ ಸೇತುವೆಗಳ ಕೆಲಸ ನೋಡಿಕೊಂಡಿದ್ದವನು ನಾನು. ಅಂಥವನಿಗೆ ಮರಳುಗಾಡಿನಲ್ಲಿ ಹೊಸದಾಗಿ ಎದ್ದು ನಿಲ್ಲುತ್ತಿದ್ದ ಒಂದು ಇಡೀ ನಗರಕ್ಕೆ ಗೆರೆ ಎಳೆಯುವ ಕೆಲಸ ಸಿಕ್ಕಿತ್ತು. ಮೊದಮೊದಲು ನನಗೆ ನನ್ನ ಅದೃಷ್ಟವನ್ನು ನಂಬಲಾಗುತ್ತಿರಲಿಲ್ಲ.

ಆ ನಗರ ಬೆಳೆಯುತ್ತಿದ್ದ ವೇಗವನ್ನು ನೋಡದವರಿಗೆ ಹೇಳುವುದು ಕಷ್ಟ. ನಾನು ಹೋದ ಹೊಸದರಲ್ಲಿ ನಮ್ಮ ಕ್ಯಾಂಪಿನ ಬಾಗಿಲಲ್ಲಿ ನಿಂತರೆ ಸಮುದ್ರದವರೆಗೆ ಮರಳು ಬಿಟ್ಟು ಬೇರೇನೂ ಕಾಣುತ್ತಿರಲಿಲ್ಲ. ಒಂದು ರಜೆಗೆ ಊರಿಗೆ ಬಂದು ವಾಪಸು ಹೋಗುವಷ್ಟರಲ್ಲಿ ಸಮುದ್ರ ಮರೆಯಾಗಿತ್ತು. ನಾನು ಥಿಯೊಡೊಲೈಟ್ ಇಟ್ಟು ಅಳತೆ ಮಾಡಿ ಗೂಟ ಹೊಡೆಸಿದ್ದ ಜಾಗದಲ್ಲಿ ಬೀದಿದೀಪ ಉರಿಯುತ್ತಿತ್ತು, ದೀಪದ ಕೆಳಗೆ ಹುಲ್ಲುಹಾಸು, ಅದಕ್ಕೆ ನೀರು ಚಿಮುಕಿಸುವ ಪೈಪು. ಬೆಳಿಗ್ಗೆ ಕೈಗೆ ಬಂದ ನಕ್ಷೆ ಸಂಜೆಗೆ ಹಳೆಯದಾಗುತ್ತಿತ್ತು. ದೊಡ್ಡವರ್ಯಾರೋ ಹೆಲಿಕಾಪ್ಟರಿನಲ್ಲಿ ಬಂದು ನೋಡಿಹೋದರೆ ಕಟ್ಟಡಕ್ಕೆ ಇನ್ನಷ್ಟು ಅಂತಸ್ತು ಸೇರುತ್ತಿತ್ತು, ರಸ್ತೆಗೆ ಇನ್ನೊಂದು ಪಥ ಸೇರುತ್ತಿತ್ತು. ಮುಗಿಸಬೇಕಾದ ತಾರೀಖು ಮಾತ್ರ ಬದಲಾಗುತ್ತಿರಲಿಲ್ಲ.

ಹೊರಗಿನವರು ಗೋಪುರಗಳ ಫೋಟೋ ತೆಗೆಯುತ್ತಿದ್ದರು. ನಮ್ಮ ಕೆಲಸ ನೆಲದ ಕೆಳಗಿನದು. ರಸ್ತೆ ಬರುವ ಮೊದಲು ಒಳಚರಂಡಿ ಪೈಪು ಮಲಗಬೇಕು. ಅಲ್ಲಿ ಸ್ವಲ್ಪ ಅಗೆದರೆ ಉಪ್ಪುನೀರು ಒಸರುತ್ತದೆ, ಒದ್ದೆ ಮರಳು ಪಕ್ಕದಿಂದ ಜಾರಿ ಕಂದಕಕ್ಕೆ ಬೀಳುತ್ತದೆ. ಅದಕ್ಕೆ ಎರಡೂ ಬದಿ ಕಬ್ಬಿಣದ ದಪ್ಪ ತಗಡುಗಳನ್ನು ಇಳಿಸಿ, ನಡುವೆ ಅಡ್ಡ ತೊಲೆ ಕೊಟ್ಟು, ಗೋಡೆಯನ್ನು ಹಿಡಿದು ನಿಲ್ಲಿಸಬೇಕು. ಇದಕ್ಕೆ ಶೋರಿಂಗ್ ಎನ್ನುತ್ತೇವೆ. ಪೈಪು ಹಾಕಿ, ಮಣ್ಣು ತುಂಬಿ ಗಟ್ಟಿ ಮಾಡಿದ ಮೇಲೆಯೇ ತಗಡು ಎಳೆಯಬೇಕು. ಆ ಬೇಸಿಗೆಯಲ್ಲಿ ತಗಡು ಸಾಲುತ್ತಿರಲಿಲ್ಲ. ಒಂದು ಕಡೆಯ ಕೆಲಸ ಮುಗಿಯುವ ಮುಂಚೆಯೇ ಅಲ್ಲಿಂದ ಕಿತ್ತು ಮುಂದಿನ ಕಂದಕಕ್ಕೆ ಒಯ್ಯುವುದು ಶುರುವಾಗಿತ್ತು.

ಹಾಗೆ ತಗಡು ಕಿತ್ತಿದ್ದ ಒಂದು ಕಂದಕ ಆಗಸ್ಟ್ ತಿಂಗಳ ಒಂದು ಮಧ್ಯಾಹ್ನ ಕುಸಿಯಿತು. ಅದು ನನ್ನ ವಿಭಾಗದ ಕೆಲಸವಾಗಿರಲಿಲ್ಲ, ನಾನು ನಗರದ ಇನ್ನೊಂದು ತುದಿಯಲ್ಲಿ ರಸ್ತೆಯ ಅಲೈನ್‌ಮೆಂಟ್ ನೋಡುತ್ತಿದ್ದೆ. ಒಬ್ಬ ಸತ್ತಿದ್ದಾನೆ ಎಂದು ಸಂಜೆ ಗೊತ್ತಾಯಿತು. ಮಾರನೆಯ ದಿನ ಅಲ್ಲಿ ಕೆಲಸ ಮಾಡುತ್ತಿದ್ದ ತಂಡವನ್ನೆಲ್ಲ ದೂರದ ಬೇರೆ ಬೇರೆ ಸೈಟುಗಳಿಗೆ ಹಂಚಿದರು. ಅಪಘಾತವಾದಾಗ ಕಂಪನಿ ಹೀಗೆ ಮಾಡುವುದು ವಾಡಿಕೆ.

ಎರಡು ವಾರದ ಮೇಲೆ ಸಿಬ್ಬಂದಿ ವಿಭಾಗದ ಮ್ಯಾನೇಜರ್ ನನ್ನನ್ನು ಕರೆಸಿದರು. ಸತ್ತವನು ಇಲಿಯಾಸ್, ಶಿಡ್ಲಘಟ್ಟದವನು, ನೀವೂ ಅದೇ ಕಡೆಯವರಂತೆ, ಹೇಗೂ ನಿಮ್ಮ ರಜೆ ಹತ್ತಿರ ಬಂದಿದೆ, ಶವದ ಜೊತೆ ಹೋಗಿ ಮನೆಯವರಿಗೆ ಒಪ್ಪಿಸಿಬಿಡಿ ಎಂದರು. ನನಗೆ ಆ ಹುಡುಗನ ಪರಿಚಯವಿರಲಿಲ್ಲ. ನಮ್ಮ ಕಡೆಯವನು ಎಂಬ ಒಂದೇ ಮಾತಿಗೆ ಒಪ್ಪಿಕೊಂಡೆ. ಶವಪೆಟ್ಟಿಗೆ ಮೊದಲೇ ಸೀಲ್ ಆಗಿತ್ತು. ತುಂಬ ದಿನ ಶೀತಲಗೃಹದಲ್ಲಿತ್ತು, ಮನೆಯವರು ತೆರೆಯದಿದ್ದರೆ ಒಳ್ಳೆಯದು ಎಂದು ತಿಳಿಸಿ ಕಳಿಸಿದರು.

ಬೊಂಬಾಯಿ ಮೇಲೆ ಬೆಂಗಳೂರಿಗೆ ಬಂದು, ಅಲ್ಲಿಂದ ವ್ಯಾನಿನಲ್ಲಿ ಶಿಡ್ಲಘಟ್ಟ ತಲುಪಿದಾಗ ಬೆಳಗಿನ ಹೊತ್ತು. ಇಲಿಯಾಸನ ತಂದೆ ಪ್ಯಾರೆ ಜಾನ್ ಸಾಹೇಬರು ರೇಷ್ಮೆ ಬಿಚ್ಚುವ ಕಸುಬಿನವರು. ಮನೆಯ ಹಿಂದೆಯೇ ಗೂಡು ಬೇಯಿಸುವ ಒಲೆ, ನೂಲು ತೆಗೆಯುವ ಚರಕಗಳು. ಅವತ್ತು ಬೀದಿಯ ಯಾವ ಮನೆಯಲ್ಲೂ ಒಲೆ ಹಚ್ಚಿರಲಿಲ್ಲ. ಸಾಹೇಬರು ನನ್ನ ಕೈ ಹಿಡಿದು, ಇಷ್ಟು ದೂರ ಜೊತೆಗೆ ಬಂದಿರಲ್ಲ ಎಂದು ಹೇಳಿ ಕುರ್ಚಿ ಹಾಕಿಸಿದರು. ಅಂಥ ಹೊತ್ತಿನಲ್ಲೂ ನಾನು ಕಾಫಿ ಕುಡಿದಿದ್ದೇನೆಯೇ ಎಂದು ಕೇಳಿದರು.

ಪೆಟ್ಟಿಗೆ ತೆರೆಯುವುದು ಬೇಡ ಎಂದು ನಾನು ಕಂಪನಿಯ ಮಾತನ್ನು ತಿಳಿಸಿದೆ. ಮಣ್ಣು ಮಾಡುವ ಮುಂಚೆ ಶವಕ್ಕೆ ಸ್ನಾನ ಮಾಡಿಸಲೇಬೇಕು, ಅದಿಲ್ಲದೆ ಆಗುವುದಿಲ್ಲ ಎಂದು ಹಿರಿಯರು ಹೇಳಿದರು. ಅದು ನ್ಯಾಯವೇ ಅನ್ನಿಸಿತು. ಸಾಹೇಬರೂ ಮಸೀದಿಯ ಇಬ್ಬರು ಹಿರಿಯರೂ ಪೆಟ್ಟಿಗೆಯನ್ನು ಒಳಗೆ ಒಯ್ದು ಬಾಗಿಲು ಹಾಕಿಕೊಂಡರು.

ಸ್ವಲ್ಪ ಹೊತ್ತಿಗೆ ಬಾಗಿಲು ತೆರೆಯಿತು. ಸಾಹೇಬರು ಹೊರಗೆ ಬಂದು, ಜನರನ್ನು ಬಿಟ್ಟು ನನ್ನನ್ನು ಮಾತ್ರ ಪಕ್ಕಕ್ಕೆ ಕರೆದರು.

"ಸಾರ್, ಇವನು ನನ್ನ ಮಗ ಅಲ್ಲ."

ದುಃಖದಲ್ಲಿ ಹೀಗನ್ನುತ್ತಿದ್ದಾರೆ, ಶವ ಬದಲಾಗಿ ಕಂಡಿರಬೇಕು ಎಂದುಕೊಂಡೆ. ಅದನ್ನೇ ಮೆಲ್ಲಗೆ ಹೇಳಲು ಹೋದೆ. ಅವರು ತಲೆಯಾಡಿಸಿದರು.

"ಮುಖ ಬದಲಾಗ್ತದೆ ಸಾರ್, ಒಪ್ತೀನಿ. ಇವನ ಕಿವಿ ಚುಚ್ಚಿದೆ. ನಮ್ಮಲ್ಲಿ ಗಂಡುಮಕ್ಕಳಿಗೆ ಚುಚ್ಚಲ್ಲ. ಇನ್ನೂ ಒಂದು ವಿಷಯ ಇದೆ, ಅದನ್ನ ನೀವೇ ತಿಳ್ಕೊಳ್ಳಿ. ಇದು ಮುಸಲ್ಮಾನರ ಹುಡುಗನ ಮೈಯಲ್ಲ."

ಒಳಗೆ ಹೆಂಗಸರ ಕೋಣೆಗೆ ಸುದ್ದಿ ಹೋಯಿತು. ಇಲಿಯಾಸನ ತಾಯಿ ಖೈರುನ್ನೀಸಾ ಯಾರ ಮಾತನ್ನೂ ನಂಬದೆ ಎದ್ದು ಬಂದು ತಾವೇ ನೋಡಿದರು. ನೋಡಿದ ತಕ್ಷಣ "ಅಲ್ಹಮ್ದುಲಿಲ್ಲಾ" ಎಂದು ದೇವರಿಗೆ ಕೃತಜ್ಞತೆ ಹೇಳಿಬಿಟ್ಟರು. ಮರುಕ್ಷಣ ಸೆರಗಿನಿಂದ ಬಾಯಿ ಮುಚ್ಚಿಕೊಂಡು ಅಲ್ಲೇ ಕೂತರು. ಯಾರದೋ ಮಗ ಎದುರಿಗೆ ಮಲಗಿರುವಾಗ ತಮ್ಮ ಬಾಯಿಂದ ಆ ಮಾತು ಬಂತಲ್ಲ ಎಂದು ಅವರು ಪಟ್ಟ ಸಂಕಟವನ್ನು ನಾನು ಇವತ್ತಿಗೂ ಮರೆತಿಲ್ಲ.

ಬಸ್ ಸ್ಟ್ಯಾಂಡಿನ ಹತ್ತಿರ ಒಂದು ಟೆಲಿಫೋನ್ ಬೂತ್ ಇತ್ತು. ಸಾಹೇಬರ ಜೊತೆ ಅಲ್ಲಿಗೆ ಹೋಗಿ ನಮ್ಮ ಕ್ಯಾಂಪಿನ ಮೇಲ್ವಿಚಾರಕ ಥಾಮಸ್‌ಗೆ ಫೋನ್ ಹಚ್ಚಿದೆ. ಥಾಮಸ್ ಕೇರಳದವರು, ಕ್ಯಾಂಪಿನಲ್ಲಿ ಎಲ್ಲರ ಊಟ, ಕಾಯಿಲೆ ನೋಡಿಕೊಳ್ಳುತ್ತಿದ್ದವರು, ನಂಬಬಹುದಾದ ಮನುಷ್ಯ. ಯಾರಾದರೂ ಕಾಣೆಯಾಗಿದ್ದಾರೆಯೇ ಎಂದು ಕೇಳಿದೆ. ಯಾರೂ ಇಲ್ಲ, ಲೆಕ್ಕ ಸರಿಯಾಗಿದೆ ಎಂದರು. ಇಲಿಯಾಸನ ರೂಮಿನಲ್ಲಿ ಯಾರಿದ್ದರು ಎಂದು ಕೇಳಿದೆ. ಕೆಲವರು ಬೇರೆ ಸೈಟಿಗೆ ಹೋದರು, ಅಶ್ವತ್ಥ ಎನ್ನುವವನು ಟೈಫಾಯ್ಡ್ ಆಗಿ ಆಸ್ಪತ್ರೆಯಲ್ಲಿದ್ದಾನೆ ಎಂದರು. ಯಾವಾಗಿನಿಂದ ಎಂದು ಕೇಳಿದ್ದಕ್ಕೆ, ಅಪಘಾತವಾದ ದಿನದಿಂದಲೇ, ಎಂದು ಹೇಳಿ ಥಾಮಸ್ ಅಲ್ಲೇ ನಿಲ್ಲಿಸಿದರು. ಇಬ್ಬರಿಗೂ ಒಟ್ಟಿಗೇ ಅನುಮಾನ ಬಂದಿತ್ತು. ಅಶ್ವತ್ಥ ಗೌರಿಬಿದನೂರು ತಾಲ್ಲೂಕಿನ ನಗರಗೆರೆಯವನು ಎಂದು ಅವರೇ ಹೇಳಿದರು.

ಆಸ್ಪತ್ರೆಗೆ ಹೋಗಿ ಆ ಹುಡುಗನ ಬಾಯಿಂದಲೇ ಅವನ ಹೆಸರು ಕೇಳಿ ಎಂದು ಬೇಡಿಕೊಂಡೆ. ಬೂತಿನ ನಂಬರ್ ಕೊಟ್ಟು ಅಲ್ಲೇ ಬೆಂಚಿನ ಮೇಲೆ ಕಾದೆವು. ಸಾಹೇಬರು ತುಟಿಯಲ್ಲೇ ಏನೋ ಓದಿಕೊಳ್ಳುತ್ತಿದ್ದರು. ಅವರ ಮಗ ಬದುಕಿದ್ದಾನೆ ಎಂದರೆ ನಗರಗೆರೆಯ ಹುಡುಗ ಸತ್ತಿದ್ದಾನೆ. ಯಾವುದನ್ನು ಬಯಸಬೇಕೋ ಗೊತ್ತಾಗದೆ ನಾನು ರಸ್ತೆ ನೋಡುತ್ತ ಕೂತಿದ್ದೆ.

ಮಧ್ಯಾಹ್ನ ಫೋನ್ ಬಂತು. ವಾರ್ಡಿನ ನರ್ಸ್‌ಗಳ ಮೇಜಿನಿಂದ ಥಾಮಸ್ ಮಾಡಿದ್ದರು. ಅವರು ನನ್ನೊಡನೆ ಹೆಚ್ಚು ಮಾತಾಡಲಿಲ್ಲ, ಹುಡುಗನ ಕೈಗೇ ಕೊಟ್ಟರು. ನಾನು ರಿಸೀವರನ್ನು ಸಾಹೇಬರ ಕಿವಿಗಿಟ್ಟೆ. ಅವರು "ಬೇಟಾ" ಎಂದರು. ಆ ಕಡೆಯಿಂದ ಸಣ್ಣ ದನಿ ಉರ್ದುವಿನಲ್ಲಿ ಏನೋ ಕೇಳುತ್ತಿತ್ತು. ಸಾಹೇಬರು ರಿಸೀವರನ್ನು ನನಗೆ ಕೊಟ್ಟರು.

"ಅಶ್ವತ್ಥ ಎಲ್ಲಿ ಅಂತ ಕೇಳ್ತಾವ್ನೆ," ಎಂದರು.

ಥಾಮಸ್ ಅಷ್ಟರಲ್ಲಿ ರೂಮಿನವರಲ್ಲಿ ಒಬ್ಬನನ್ನು ಫೋನಿನಲ್ಲಿ ಹಿಡಿದು ವಿಚಾರಿಸಿದ್ದರು; ನಡೆದದ್ದು ಇಷ್ಟು. ಇಬ್ಬರೂ ಒಂದೇ ರೂಮಿನವರು. ಊರು ಹತ್ತಿರ, ಒಬ್ಬನ ತೆಲುಗು, ಇನ್ನೊಬ್ಬನ ಉರ್ದು, ನಡುವೆ ಕನ್ನಡ, ಹೀಗೆ ಗೆಳೆತನ ಬೆಳೆದಿತ್ತು. ಇಲಿಯಾಸನಿಗೆ ಆ ವಾರ ಜ್ವರ. ಅವನು ಆಗಲೇ ಕೆಲವು ದಿನ ಗೈರುಹಾಜರಾಗಿದ್ದ, ಇನ್ನೊಂದು ದಿನ ತಪ್ಪಿದರೆ ಊರಿಗೆ ವಾಪಸು ಕಳಿಸುತ್ತೇವೆ ಎಂದು ಫೋರ್‌ಮನ್ ಹೆದರಿಸಿದ್ದ. ಅಶ್ವತ್ಥನಿಗೆ ಆ ದಿನ ಬಿಡುವು. ಅವನು ಇಲಿಯಾಸನ ನಂಬರ್ ಬರೆದಿದ್ದ ಕಿತ್ತಳೆ ಬಣ್ಣದ ಅಂಗಿ ತೊಟ್ಟು ಕಂದಕಕ್ಕೆ ಹೋದ. ಹಾಜರಿ ಹಾಕುವವನು ನಂಬರ್ ನೋಡುತ್ತಿದ್ದ, ಮುಖ ನೋಡುತ್ತಿರಲಿಲ್ಲ. ಇತ್ತ ಜ್ವರ ನೆತ್ತಿಗೇರಿ ಇಲಿಯಾಸ್ ಬಡಬಡಿಸತೊಡಗಿದಾಗ ರಾತ್ರಿ ಪಾಳಿ ಮುಗಿಸಿ ಬಂದಿದ್ದ ರೂಮಿನವರು ಅವನನ್ನು ಆಸ್ಪತ್ರೆಗೆ ಒಯ್ದರು. ಇಲಿಯಾಸ್ ಡ್ಯೂಟಿಯಲ್ಲಿದ್ದಾನೆ ಎಂದು ಹಾಜರಿ ಬಿದ್ದಿದ್ದರಿಂದ ಅಲ್ಲಿ ಅಶ್ವತ್ಥ ಎಂದು ಬರೆಸಿದರು. ಅದು ಸೋಂಕಿನ ವಾರ್ಡು, ತುಂಬ ದಿನ ಯಾರನ್ನೂ ಒಳಗೆ ಬಿಡಲಿಲ್ಲ; ಇಲಿಯಾಸನಿಗೂ ಎಚ್ಚರ ತಪ್ಪಿತ್ತು. ಆಮೇಲೆ ಕಂದಕ ಕುಸಿಯಿತು, ಅಂಗಿಯ ನಂಬರ್ ನೋಡಿ ಸತ್ತವನು ಇಲಿಯಾಸ್ ಎಂದು ಬರೆದುಕೊಂಡರು. ನಿಜ ಗೊತ್ತಿದ್ದವರನ್ನು ಮಾರನೆಯ ದಿನವೇ ಬೇರೆ ಕಡೆ ಸಾಗಿಸಿಯಾಗಿತ್ತು, ಅವರಿಗೂ ಬಾಯಿ ಬಿಡಲು ಭಯ.

ನಾನು ಮ್ಯಾನೇಜರಿಗೆ ಫೋನ್ ಮಾಡಿದೆ. ಅವರು, ಕಾಗದಪತ್ರ ಎಲ್ಲ ಇಲಿಯಾಸನ ಹೆಸರಿನಲ್ಲಿವೆ, ಅಲ್ಲೇ ಮಣ್ಣು ಮಾಡಿಸಿಬಿಡಿ, ಉಳಿದದ್ದನ್ನು ಆಮೇಲೆ ನೋಡೋಣ ಎಂದರು. ಪಕ್ಕದಲ್ಲಿ ನಿಂತಿದ್ದ ಸಾಹೇಬರಿಗೆ ಇಂಗ್ಲಿಷ್ ಬರುತ್ತಿರಲಿಲ್ಲ, ನನ್ನ ಮುಖದಿಂದಲೇ ಅರ್ಥ ಮಾಡಿಕೊಂಡರು. ನಾನು ಫೋನ್ ಇಟ್ಟ ಮೇಲೆ ಅವರು ಕೇಳಿದ್ದು ಒಂದೇ, ನಗರಗೆರೆಗೆ ಹೋಗಲು ಎಷ್ಟು ಹೊತ್ತಾಗುತ್ತದೆ ಎಂದು.

ಠಾಣೆಯ ಸಬ್ ಇನ್‌ಸ್ಪೆಕ್ಟರು ಎಲ್ಲವನ್ನೂ ಕೇಳಿಸಿಕೊಂಡು, ಪಂಚನಾಮೆ ಬರೆಸಿ, ಜೊತೆಗೊಬ್ಬ ಕಾನ್‌ಸ್ಟೇಬಲ್ ಕಳಿಸಿದರು. ಬೀದಿಯ ಹುಡುಗರು ಐಸ್ ಫ್ಯಾಕ್ಟರಿಯಿಂದ ಮಂಜುಗಡ್ಡೆ ತಂದು ಪೆಟ್ಟಿಗೆಯ ಸುತ್ತ ಜೋಡಿಸಿದರು. ಸಾಹೇಬರು ವ್ಯಾನಿನ ಹಿಂಭಾಗದಲ್ಲಿ ಪೆಟ್ಟಿಗೆಯ ಪಕ್ಕದಲ್ಲೇ ಕೂತರು. ಚಿಕ್ಕಬಳ್ಳಾಪುರದಲ್ಲಿ ನನ್ನ ಮನೆಯಿದ್ದ ಬೀದಿ ದಾಟಿಯೇ ಹೋದೆವು, ನಿಲ್ಲಿಸಲಿಲ್ಲ.

ಅಶ್ವತ್ಥನಿಗೆ ತಂದೆತಾಯಿ ಇರಲಿಲ್ಲ. ಅಕ್ಕ ನಾಗರತ್ನಮ್ಮ ಸಾಕಿದ್ದರು. ಅವರು ಊರಿನ ಅಂಗನವಾಡಿಯಲ್ಲಿ ಟೀಚರು. ನಾವು ಹೋದಾಗ ಅಂಗಳದಲ್ಲಿ ಹುರುಳಿ ಕೇರುತ್ತಿದ್ದರು. ವ್ಯಾನು, ಪೊಲೀಸು, ಗಡ್ಡದ ಹಿರಿಯರು, ಪ್ಯಾಂಟು ತೊಟ್ಟ ನಾನು. ಮೊರ ಕೆಳಗಿಟ್ಟು ತೆಲುಗಿನಲ್ಲಿ ಏನಾಯಿತೆಂದು ಕೇಳಿದರು. ನನಗೆ ತೆಲುಗು ಚೆನ್ನಾಗಿಯೇ ಬರುತ್ತದೆ. ಆದರೂ ಹೇಳಿದ್ದು ಪ್ಯಾರೆ ಜಾನ್ ಸಾಹೇಬರು.

"ಅಮ್ಮಾ, ನಿಮ್ಮ ತಮ್ಮ ನನ್ನ ಮಗನ ಬದಲು ಕೆಲಸಕ್ಕೆ ಹೋಗಿದ್ದ. ನನ್ನ ಮಗ ಉಳ್ಕೊಂಡ. ನಿಮ್ಮ ತಮ್ಮನ್ನ ಕರ್ಕೊಂಡು ಬಂದಿದೀನಿ."

ಆಮೇಲೆ ಏನಾಯಿತೆಂದು ವಿವರಿಸುವುದಿಲ್ಲ. ಅಂಥ ಹೊತ್ತಿನಲ್ಲಿ ಮನುಷ್ಯರು ಹೇಗಿರುತ್ತಾರೋ ಹಾಗೆಯೇ ಇದ್ದರು. ಊರಿನ ಕೆಲವರು ಸಾಹೇಬರ ಮೇಲೆ ಸಿಟ್ಟಿಗೆದ್ದದ್ದೂ ಉಂಟು. ನಾಗರತ್ನಮ್ಮ ಯಾರಿಗೂ ಸಮಾಧಾನ ಹೇಳಲಿಲ್ಲ, ಯಾರನ್ನೂ ಬೈಯಲೂ ಇಲ್ಲ. ಗುರುತು ಹಿಡಿದರು, ಕಾನ್‌ಸ್ಟೇಬಲ್ ತೋರಿಸಿದ ಕಡೆ ಸಹಿ ಹಾಕಿದರು. ಪೆಟ್ಟಿಗೆಯ ಮೇಲೆ ಅಂಟಿಸಿದ್ದ ಚೀಟಿಯಲ್ಲಿನ ಹೆಸರನ್ನು ಓದಿ, ಅದನ್ನು ಉಗುರಿನಿಂದ ಕೆರೆಯುತ್ತ ನನ್ನ ಕಡೆ ತಿರುಗಿದರು.

"ಅಲ್ಲಿ ಇವನು ಯಾವ ಹೆಸರಲ್ಲಿ ಸತ್ತಿದಾನೆ ಸಾರ್?"

ನಾನು ಹೇಳಿದೆ.

"ಹಂಗಾದ್ರೆ ನನ್ನ ತಮ್ಮ ಅಲ್ಲಿ ಇನ್ನೂ ಬದುಕಿದಾನೆ ಅಂತ ಆಯ್ತು. ಮಣ್ಣು ನಾವು ಮಾಡ್ಕೋತೀವಿ. ಅವನ ಹೆಸರು ನೀವು ತಂದ್ಕೊಡಿ."

ಊರಿನ ತೋಪಿನ ಪಕ್ಕದಲ್ಲಿ ಮಣ್ಣು ಮಾಡಿದರು. ಹಿಡಿ ಮಣ್ಣು ಹಾಕುವ ಸಾಲಿನಲ್ಲಿ ಸಾಹೇಬರೂ ನಿಂತರು. ಸಿಟ್ಟಾಗಿದ್ದವರು ಅವರಿಗೆ ಜಾಗ ಬಿಟ್ಟುಕೊಟ್ಟರು.

ರಜೆಯನ್ನು ಅರ್ಧಕ್ಕೆ ಬಿಟ್ಟು ನಾನು ವಾಪಸು ಹೋದೆ. ಹೆಸರು ತರುವುದೆಂದರೆ ಒಂದು ತಿದ್ದುಪಡಿ ಅರ್ಜಿ ಎಂದುಕೊಂಡಿದ್ದೆ. ಅಲ್ಲಿ ಹೋದ ಮೇಲೆ ಗೊತ್ತಾಯಿತು, ಆ ಹೆಸರಿನ ಹಿಂದೆ ಕಂದಕವೇ ಇದೆ ಎಂದು. ಸತ್ತವನು ಅಶ್ವತ್ಥ ಎಂದು ಒಪ್ಪಿದರೆ ಹಾಜರಿ ಸುಳ್ಳು ಎಂದಾಗುತ್ತದೆ, ಹಾಜರಿ ಸುಳ್ಳಾದರೆ ವಿಚಾರಣೆ, ವಿಚಾರಣೆಯಾದರೆ ತಗಡು ಕಿತ್ತದ್ದು ಯಾರು ಎಂಬ ಪ್ರಶ್ನೆ. ಆ ರಸ್ತೆಯ ಉದ್ಘಾಟನೆಗೆ ದಿನ ಗೊತ್ತಾಗಿತ್ತು.

ಮ್ಯಾನೇಜರ್ ಬಳಿ ಬೇರೊಂದು ದಾರಿ ಸಿದ್ಧವಾಗಿತ್ತು. ಆಸ್ಪತ್ರೆಯಲ್ಲಿರುವವನು ದಾಖಲೆಯ ಪ್ರಕಾರ ಅಶ್ವತ್ಥ. ಅಶ್ವತ್ಥನ ಪಾಸ್‌ಪೋರ್ಟ್ ಕಂಪನಿಯ ಬೀರುವಿನಲ್ಲಿದೆ. ಅದರ ಮೇಲೆಯೇ ಅವನನ್ನು ಊರಿಗೆ ಕಳಿಸೋಣ, ಯಾರಿಗೂ ತೊಂದರೆಯಿಲ್ಲ. ಇಲ್ಲದಿದ್ದರೆ ಸುಳ್ಳು ಹೆಸರಿನಲ್ಲಿದ್ದ ತಪ್ಪಿಗೆ ಅವನು ಜೈಲಿಗೆ ಹೋಗಬೇಕಾದೀತು. ಅವರ ಮಾತಿನಲ್ಲಿ ಬೆದರಿಕೆಯಿರಲಿಲ್ಲ, ನಿಜಕ್ಕೂ ಅದು ಎಲ್ಲರಿಗೂ ಒಳ್ಳೆಯದೆಂದೇ ಅವರು ನಂಬಿದ್ದರು. ಹೋಗಿ ಹುಡುಗನಿಗೆ ತಿಳಿಸಿ ಎಂದು ನನ್ನನ್ನೇ ಕಳಿಸಿದರು.

ಇಲಿಯಾಸನನ್ನು ನಾನು ಮೊದಲು ನೋಡಿದ್ದು ಆವಾಗಲೇ. ತಲೆಗೂದಲು ಉದುರಿ, ಹಾಸಿಗೆಗೆ ಅಂಟಿಕೊಂಡಿದ್ದ. ಕಿಟಕಿಯಾಚೆ ಕ್ರೇನುಗಳು ಆಡುತ್ತಿದ್ದವು. ಮ್ಯಾನೇಜರ್ ಹೇಳಿದ್ದನ್ನು ಒಂದೂ ಬಿಡದೆ ಹೇಳಿದೆ. ಜೈಲಿನ ವಿಷಯವನ್ನೂ ಮುಚ್ಚಿಡಲಿಲ್ಲ. ನಗರಗೆರೆಯ ಅಕ್ಕ ಹೇಳಿದ್ದನ್ನೂ ಹೇಳಿದೆ. ನಿನ್ನ ಜಾಗದಲ್ಲಿ ನಾನಿದ್ದರೆ ಏನು ಮಾಡುತ್ತಿದ್ದೆನೋ ನನಗೇ ಗೊತ್ತಿಲ್ಲ, ಯೋಚನೆ ಮಾಡಿ ನಾಳೆ ತಿಳಿಸು ಎಂದು ಎದ್ದೆ. ಅವನು ಕೂರಲು ಹೇಳಿದ.

"ಆ ಹೆಸರು ಇಟ್ಕೊಂಡು ಊರಿಗೆ ಹೋಗಿ, ಆ ಅಕ್ಕನ ಮುಂದೆ ನಾನು ಹೆಂಗೆ ನಿಲ್ಲಲಿ ಸಾರ್? ನಾನು ಇಲಿಯಾಸ್ ಅಂತಾನೇ ಬರ್ಕೊಳ್ಳಿ."

ಥಾಮಸ್, ನಾನು, ಇಲಿಯಾಸ್ ಮೂವರೂ ಪೊಲೀಸರ ಮುಂದೆ ಹೇಳಿಕೆ ಕೊಟ್ಟೆವು. ಬೇರೆ ಸೈಟಿಗೆ ಹೋಗಿದ್ದ ಇಬ್ಬರು ರೂಮಿನವರೂ ಬಂದು ಹೇಳಿದರು. ಇಲಿಯಾಸನನ್ನು ಆಸ್ಪತ್ರೆಯಿಂದ ಬಿಟ್ಟ ದಿನವೇ ಬಂಧಿಸಿದರು. ಕೆಲವು ವಾರ ಒಳಗಿದ್ದ, ಆಮೇಲೆ ಮತ್ತೆ ಆ ದೇಶಕ್ಕೆ ಕಾಲಿಡಬಾರದೆಂದು ಹೊರಗೆ ಕಳಿಸಿದರು. ನನ್ನ ಕಾಂಟ್ರಾಕ್ಟನ್ನು ಕಂಪನಿ ಮುಂದುವರಿಸಲಿಲ್ಲ. ತಗಡು ಕಿತ್ತವರ ವಿಚಾರಣೆ ನಡೆಯಿತೋ ಇಲ್ಲವೋ ನನಗೆ ತಿಳಿಯಲೇ ಇಲ್ಲ. ನಾನು ವಿಮಾನ ಹತ್ತುವ ಹೊತ್ತಿಗೆ ಆ ಕಂದಕದ ಮೇಲೆ ಡಾಂಬರು ಬಿದ್ದು, ನಡುವೆ ಖರ್ಜೂರದ ಗಿಡ ನೆಟ್ಟಾಗಿತ್ತು. ರಸ್ತೆ ಚೆನ್ನಾಗಿಯೇ ಬಂದಿತ್ತು.

ತಿದ್ದಿದ ಮರಣಪತ್ರ ಬರುವಷ್ಟರಲ್ಲಿ ಮುಂದಿನ ವರ್ಷವೂ ಕಳೆಯುತ್ತ ಬಂದಿತ್ತು. ಅಲ್ಲೇ ಉಳಿದಿದ್ದ ಥಾಮಸ್ ಕಚೇರಿಗಳನ್ನು ಸುತ್ತಿ ಅದನ್ನು ಕಳಿಸಿದ್ದರು. ನಾನು ಆಗ ಚಿಂತಾಮಣಿಯಲ್ಲಿ ಒಬ್ಬ ಕಾಂಟ್ರಾಕ್ಟರ್ ಬಳಿ ಕೆಲಸಕ್ಕೆ ಸೇರಿದ್ದೆ. ಒಂದು ಭಾನುವಾರ ಇಲಿಯಾಸನನ್ನೂ ಕರೆದುಕೊಂಡು ನಗರಗೆರೆಗೆ ಹೋದೆ. ಅಷ್ಟು ದಿನವಾದರೂ ಅವನು ಆ ಊರಿನ ಕಡೆ ಹೋಗಿರಲಿಲ್ಲ. ಅವತ್ತೂ ಬಸ್ಸು ಇಳಿದ ಮೇಲೆ ಅರಳಿಕಟ್ಟೆಯ ಹತ್ತಿರವೇ ನಿಂತುಬಿಟ್ಟ. ನಾನೊಬ್ಬನೇ ಮನೆಗೆ ಹೋದೆ.

ನಾಗರತ್ನಮ್ಮ ಹಾಳೆಯನ್ನು ಬೆಳಕಿಗೆ ಹಿಡಿದು ಹೆಸರನ್ನು ಓದಿದರು. ತಂದೆಯ ಹೆಸರು, ಊರಿನ ಹೆಸರನ್ನೂ ಓದಿದರು. ಸರಿಯಾಗಿದೆ ಎಂದರು. ಜೊತೆಗೆ ಯಾರು ಬಂದಿದ್ದಾರೆ ಎಂದು ತಿಳಿದಾಗ ಹಾಳೆಯನ್ನು ಕೈಯಲ್ಲೇ ಹಿಡಿದು ಕಟ್ಟೆಯವರೆಗೆ ತಾವೇ ನಡೆದು ಬಂದರು. ಇಲಿಯಾಸ್ ಅವರ ಕಾಲಿಗೆ ಬೀಳಲು ಹೋದ, ಅವರು ಹಿಂದೆ ಸರಿದರು. ಅವನನ್ನು ನೋಡಿ ಕೇಳಿದರು:

"ಅವತ್ತು ಬೆಳಿಗ್ಗೆ ಏನಾದ್ರೂ ತಿಂದು ಹೋಗಿದ್ನೇನಪ್ಪ?"

"ಗೊತ್ತಿಲ್ಲ ಅಕ್ಕ," ಎಂದ ಇಲಿಯಾಸ್. "ನನಗೆ ಜ್ವರ ಇತ್ತು. ಅವನು ಹೋಗಿದ್ದೇ ನನಗೆ ಗೊತ್ತಾಗಲಿಲ್ಲ."

ನಾಗರತ್ನಮ್ಮ ತಲೆಯಾಡಿಸಿದರು. ಅವರು ಅವನನ್ನು ಕ್ಷಮಿಸಿದರೋ ಇಲ್ಲವೋ ನಾನು ಹೇಳಲಾರೆ. ಮನೆಗೆ ಕರೆಯಲಿಲ್ಲ, ಹೋಗು ಎಂದೂ ಅನ್ನಲಿಲ್ಲ. ನಮ್ಮ ಬಸ್ಸು ಬರುವವರೆಗೂ ಕಟ್ಟೆಯ ಆ ತುದಿಯಲ್ಲಿ ಕೂತಿದ್ದರು, ಈ ತುದಿಯಲ್ಲಿ ಅವನು.

ಇದಾದ ಮೇಲೆ ನಾನು ನಿವೃತ್ತನಾಗುವವರೆಗೆ ನಮ್ಮ ಸೀಮೆಯಲ್ಲೇ ಕೆಲಸ ಮಾಡಿದೆ. ಕುಡಿಯುವ ನೀರಿನ ಪೈಪು, ಊರೊಳಗಿನ ಚರಂಡಿ, ಇಂಥವೇ ಸಣ್ಣ ಕೆಲಸಗಳು. ಗುಂಡಿಗೆ ಇಳಿಯುವ ಪ್ರತಿಯೊಬ್ಬರ ಹೆಸರನ್ನು ನಾನೇ ಕೂಗಿ, ಮುಖ ನೋಡಿ ಇಳಿಸುತ್ತಿದ್ದೆ. ಇದರಿಂದ ಬೆಳಗಿನ ಕೆಲಸ ತಡವಾಗುತ್ತದೆ ಎಂದು ಕಾಂಟ್ರಾಕ್ಟರುಗಳು ಗೊಣಗುತ್ತಿದ್ದರು. ತಡವಾಗುತ್ತಿದ್ದದ್ದು ನಿಜ. ಒಂದು ಪೈಪು ಎಷ್ಟು ಆಳದಲ್ಲಿದೆ, ಯಾವ ಕಡೆಗೆ ಎಷ್ಟು ಇಳಿಜಾರಾಗಿದೆ ಎಂದು ನಕ್ಷೆಯಲ್ಲಿ ಕೂದಲೆಳೆಯಷ್ಟೂ ತಪ್ಪದಂತೆ ಗುರುತು ಮಾಡಲು ನನ್ನ ವೃತ್ತಿ ನನಗೆ ಕಲಿಸಿದೆ. ಅದನ್ನು ಹಾಕಲು ಕೆಳಗೆ ಇಳಿದವನು ಯಾರು ಎಂದು ಬರೆಯುವುದಕ್ಕೆ ಯಾವ ನಕ್ಷೆಯಲ್ಲೂ ಜಾಗ ಬಿಟ್ಟಿರುವುದಿಲ್ಲ. ಆ ಜಾಗವನ್ನು ಕೆಲಸ ಮಾಡಿಸುವವನು ತನ್ನ ತಲೆಯಲ್ಲೇ ಇಟ್ಟುಕೊಳ್ಳಬೇಕು.